ತಳ ಸೇರದ ಚಿಗುರು

ಚೀನಾದ ಚಕ್ರವರ್ತಿಗೆ ಚಹಾ ಕುಡಿಯುವುದನ್ನು ಹೇಳಿಕೊಟ್ಟವನು ನಾನು. ಇದು ಸುಳ್ಳು. ಅರಸೀಕೆರೆ ಜಂಕ್ಷನ್ನಿನಿಂದ ಹೊರಡುವ ಯಾವ ರೈಲೂ ಚೀನಾಕ್ಕೆ ಹೋಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸುಳ್ಳು. ಹೋಗುವಂತಿದ್ದರೆ ಇಷ್ಟು ಹೊತ್ತಿಗೆ ನಿಜವಾಗಿರುತ್ತಿತ್ತು. ಇನ್ನು ಮುಂದೆ ಹೇಳುವುದರಲ್ಲಿ ಸುಳ್ಳು ಬಹಳ ಕಡಿಮೆ. ಇರುವ ಕಡೆ ನಾನೇ ಬೆರಳಿಟ್ಟು ತೋರಿಸುತ್ತೇನೆ.

“ಗುರುಗಳೇ, ಈ ಚೀನಾ ಟೀಯಿಂದ ಮನುಷ್ಯನಿಗೆ ಏನು ಪ್ರಯೋಜನ?”

ಹೀಗೆ ಕೇಳಿದವರು ಕೊಬ್ಬರಿ ಮಂಡಿಯ ಷಡಕ್ಷರಪ್ಪನವರು. ಸ್ಟೇಷನ್ ಎದುರಿನ ಕ್ಯಾಂಟೀನಿನಲ್ಲಿ ನನ್ನ ಮುಂದೆ ಒಂದು ಹಸಿರು ಡಬ್ಬಿ ಇಟ್ಟು ಕೇಳಿದರು. ಗುರುಗಳು ಎಂದರೆ ನಾನೇ. ನನಗೆ ಮಠವಿಲ್ಲ, ಕಾವಿಯಿಲ್ಲ. ಎಲ್ಲ ಪ್ರಶ್ನೆಗೂ ನನ್ನಲ್ಲಿ ಉತ್ತರವಿದೆ ಎಂದು ನಾನೇ ಹೇಳಿಕೊಂಡು ತಿರುಗಿದ್ದರಿಂದ ಜನ ಹಾಗೆ ಕರೆಯತೊಡಗಿದರು. ಮೊದಮೊದಲು ನಗುತ್ತಾ ಕರೆದರು. ಬರುಬರುತ್ತಾ ನಗುವುದು ಮರೆತುಹೋಯಿತು, ಕರೆಯುವುದು ಉಳಿಯಿತು.

“ಡಾಕ್ಟರು ಹಾಲಿನ ಟೀ ಬಿಡಿಸಿದರು” ಎಂದರು ಷಡಕ್ಷರಪ್ಪ. “ಇದನ್ನು ಕುಡಿಯಿರಿ ಅಂದರು. ಹೊಟ್ಟೆ ಹಗುರಾಗುತ್ತದಂತೆ. ನಿದ್ದೆ ಬರುತ್ತದಂತೆ. ಸಿಟ್ಟು ಇಳಿಯುತ್ತದಂತೆ. ತಿಂಗಳಿಂದ ದಿನಾ ಬೆಳಿಗ್ಗೆ ಒಂದೇ ಗುಟುಕಿಗೆ ಕುಡಿದು ಮಂಡಿಗೆ ಓಡುತ್ತಿದ್ದೇನೆ. ಹೊಟ್ಟೆ ಇದ್ದ ಹಾಗೇ ಇದೆ. ಸಿಟ್ಟು ಮೊದಲಿಗಿಂತ ಒಂದು ಕೈ ಮೇಲೆ. ಪ್ರಯೋಜನ ಇದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿಬಿಡಿ. ಲಾರಿ ಲೋಡಾಗುತ್ತಿದೆ.”

“ಒಂದೇ ಮಾತಿನಲ್ಲಿ ಹೇಳುತ್ತೇನೆ” ಎಂದೆ. “ಆ ಮಾತು ಕೊನೆಯಲ್ಲಿದೆ. ಅದಕ್ಕೆ ಮೊದಲು ಒಂದು ಕತೆ ಇದೆ.”

ಅವರು ಕುರ್ಚಿಯ ತುದಿಯಲ್ಲಿ ಕೂತರು. ನಾನು ನನಗೊಂದು ಟೀ ಹೇಳಿದೆ, ಹಾಲಿನದೇ.

ಈ ಕತೆಯನ್ನು ನನಗೆ ಹೇಳಿದವರು ಮೈಸೂರಿನಲ್ಲಿದ್ದ ಒಬ್ಬ ಚೀನೀ ಹಲ್ಲಿನ ಡಾಕ್ಟರು. ಅವರು ಹೇಳುವಾಗ ನನ್ನ ಬಾಯಿ ಅವರ ಕೈಯಲ್ಲಿತ್ತು. ಹಾಗಾಗಿ ಮಧ್ಯೆ ಏನನ್ನೂ ಕೇಳಲಾಗಲಿಲ್ಲ. ಇಕ್ಕಳದ ಸದ್ದಿನಲ್ಲಿ ಕೇಳಿಸದೆ ಹೋದ ಜಾಗಗಳನ್ನು ನಾನೇ ತುಂಬಿಕೊಂಡಿದ್ದೇನೆ.

ಚೀನಾ ದೇಶದ ಬೆಟ್ಟಗಳ ಸೀಮೆಯಲ್ಲಿ ಒಬ್ಬ ಅಧಿಕಾರಿ ಇದ್ದ. ಕೆಟ್ಟವನಲ್ಲ. ಲಂಚ ಮುಟ್ಟುತ್ತಿರಲಿಲ್ಲ. ಯಾರನ್ನೂ ಬೈಯುತ್ತಿರಲಿಲ್ಲ. ಅವನಲ್ಲಿ ಇದ್ದದ್ದು ಒಂದೇ ಕೊರತೆ. ಯಾರ ಮಾತನ್ನೂ ಕೊನೆಯ ತನಕ ಕೇಳುತ್ತಿರಲಿಲ್ಲ.

ಆ ದೇಶದ ಅಧಿಕಾರಿಗಳಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಅಹವಾಲು ಹೇಳಲು ಬಂದರೆ ಅಧಿಕಾರಿಯ ಮುಂದೆ ಒಂದು ಬಟ್ಟಲು ಚಹಾ ಇಡುತ್ತಿದ್ದರು. ಅದು ಕುಡಿಯುವುದಕ್ಕಲ್ಲ. ಬಂದವನನ್ನು ಹೋಗು ಎಂದು ಬಾಯಿಬಿಟ್ಟು ಹೇಳುವುದು ದೊಡ್ಡವರಿಗೆ ಶೋಭೆಯಲ್ಲವಲ್ಲ. ಆದ್ದರಿಂದ ಸಾಕು ಅನಿಸಿದಾಗ ಅಧಿಕಾರಿ ಸುಮ್ಮನೆ ಬಟ್ಟಲನ್ನು ಕೈಗೆತ್ತಿಕೊಳ್ಳುತ್ತಿದ್ದ. ಬಟ್ಟಲು ಮೇಜಿನಿಂದ ಎದ್ದ ಕೂಡಲೇ ಬಾಗಿಲಲ್ಲಿ ಕೋಲು ಹಿಡಿದು ನಿಂತ ಚೋಪದಾರ ‘ಅತಿಥಿಗಳು ಹೊರಟರು’ ಎಂದು ಕೂಗುತ್ತಿದ್ದ. ಮಾತು ಎಲ್ಲಿತ್ತೋ ಅಲ್ಲಿಗೆ ನಿಲ್ಲಬೇಕು. ಬಂದವನು ಬಾಗಿ ನಮಸ್ಕರಿಸಿ ಹಿಮ್ಮೆಟ್ಟಬೇಕು.

ಇದು ನಾನು ಕಟ್ಟಿದ್ದಲ್ಲ, ಷಡಕ್ಷರಪ್ಪನವರೇ. ನಿಜವಾಗಿ ಇದ್ದ ಪದ್ಧತಿ. ನಾನು ಕಟ್ಟಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಆ ಸೀಮೆಯ ಜನರಿಗೂ ಒಂದು ಪದ್ಧತಿ ಇತ್ತು. ಇದು ನಾನೇ ಕಟ್ಟಿದ್ದು, ಇದಕ್ಕೆ ಬೇಕಾದರೆ ನನ್ನನ್ನು ಹಿಡಿದುಕೊಳ್ಳಿ. ದೊಡ್ಡವರ ಮುಂದೆ ನಿಂತಾಗ ನೇರ ವಿಷಯಕ್ಕೆ ಹೋಗುವಂತಿಲ್ಲ. ಮೊದಲು ಅವರ ಮುತ್ತಜ್ಜನನ್ನು ಹೊಗಳಬೇಕು. ಆಮೇಲೆ ಅಜ್ಜ. ಆಮೇಲೆ ತಂದೆ. ಆಮೇಲೆ ಅವರನ್ನೇ. ಇಷ್ಟಾದ ಮೇಲೆ ವಿಷಯ. ಒಬ್ಬರನ್ನು ಬಿಟ್ಟರೂ ವಂಶಕ್ಕೆ ಅವಮಾನ.

ಅಧಿಕಾರಿಗೆ ತನ್ನ ಮುತ್ತಜ್ಜನ ಕೀರ್ತಿಯನ್ನು ಕೇಳಿ ಕೇಳಿ ಸಾಕಾಗಿತ್ತು. ಅಜ್ಜನ ಹತ್ತಿರ ಬರುವಷ್ಟರಲ್ಲಿ ಅವನ ಕೈ ತಾನಾಗಿ ಬಟ್ಟಲಿಗೆ ಹೋಗುತ್ತಿತ್ತು. ಅವನು ಅಲ್ಲಿಗೆ ಬಂದಾಗಿನಿಂದ ಒಂದೇ ಒಂದು ಅಹವಾಲೂ ಅವನ ಕಿವಿಗೆ ಬಿದ್ದಿರಲಿಲ್ಲ. ಹೀಗಾಗಿ ತನ್ನ ಸೀಮೆಯಲ್ಲಿ ಯಾರಿಗೂ ಯಾವ ತೊಂದರೆಯೂ ಇಲ್ಲವೆಂದು ಅವನು ತಿಳಿದಿದ್ದ. ರಾಜಧಾನಿಗೂ ಹಾಗೆಯೇ ವರದಿ ಕಳಿಸುತ್ತಿದ್ದ.

ಪ್ರತಿ ವರ್ಷ ಆ ಸೀಮೆಯಿಂದ ಅರಮನೆಗೆ ಎಳೆಯ ಚಹಾ ಹೋಗಬೇಕಿತ್ತು. ವಸಂತದಲ್ಲಿ ಪಿತೃಗಳ ಸಮಾಧಿ ಗುಡಿಸುವ ಹಬ್ಬ ಬರುತ್ತದೆ. ಆ ಹಬ್ಬಕ್ಕೆ ಮೊದಲು ಕಿತ್ತ ಚಿಗುರೇ ಶ್ರೇಷ್ಠ. ಅಧಿಕಾರಿಗೆ ಅದು ಆ ಸೀಮೆಯಲ್ಲಿ ಮೊದಲ ವಸಂತ. ಹಬ್ಬದ ದಿನ ಎಲ್ಲ ಬೆಟ್ಟಗಳ ಬುಟ್ಟಿಗಳೂ ಕಚೇರಿಯ ಅಂಗಳದಲ್ಲಿರಬೇಕು ಎಂದು ಅಧಿಕಾರಿ ಕಟ್ಟಪ್ಪಣೆ ಮಾಡಿದ.

ಎಲ್ಲ ಬೆಟ್ಟಗಳಿಂದಲೂ ಬಂತು. ಒಂದು ಬೆಟ್ಟದಿಂದ ಬರಲಿಲ್ಲ.

ಆ ಬೆಟ್ಟದ ಬುಟ್ಟಿಗಳಿಗೆ ಹೊಣೆಯಾಗಿದ್ದವನು ಒಬ್ಬ ಚಹಾ ಬೆಳೆಗಾರ. ಸೋಮಾರಿತನದಿಂದ ಅರಮನೆಯನ್ನು ಕಾಯಿಸಿದ ಎಂದು ಅವನನ್ನು ಸೆರೆಗೆ ಹಾಕಿದರು. ಬರುವ ಅಮಾವಾಸ್ಯೆಗೆ ಗಡಿ ಕೋಟೆಯ ಕಲ್ಲು ಹೊರಲು ಕಳಿಸುವುದೆಂದು ತೀರ್ಮಾನವಾಯಿತು. ಕಲ್ಲು ಹೊರಲು ಹೋದವರಲ್ಲಿ ಮರಳಿ ಬಂದವರ ಹೆಸರನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ.

ಅವನ ತಪ್ಪು ಏನೂ ಇರಲಿಲ್ಲ. ಆ ಬೆಟ್ಟ ಸೂರ್ಯನಿಗೆ ಬೆನ್ನು ಹಾಕಿ ನಿಂತಿತ್ತು. ಉಳಿದ ಬೆಟ್ಟಗಳಲ್ಲಿ ಚಿಗುರೊಡೆಯುವಾಗ ಅಲ್ಲಿ ಇನ್ನೂ ಹಿಮ. ಅಲ್ಲಿಯ ಗಿಡಗಳು ಹಬ್ಬ ಕಳೆದು ಎಷ್ಟೋ ದಿನದ ಮೇಲೆ ಕಣ್ಣು ಬಿಡುತ್ತಿದ್ದವು. ಹಿಂದಿನ ಅಧಿಕಾರಿಗಳಿಗೆ ಇದು ಗೊತ್ತಿತ್ತು. ಇವನಿಗೆ ಗೊತ್ತಿರಲಿಲ್ಲ. ಹೇಳಿದರೆ ಒಂದೇ ಮಾತು. ಆ ಒಂದು ಮಾತನ್ನು ಹೇಳಬೇಕಾದರೆ ನಾಲ್ಕು ತಲೆಮಾರು ದಾಟಬೇಕಿತ್ತು.

ಮೊದಲು ಬೆಟ್ಟದ ಹಿರಿಯ ಹೋದ. ಬಹಳ ಗಂಭೀರ ಮನುಷ್ಯ. ಮುತ್ತಜ್ಜ ಹುಟ್ಟಿದ ನಕ್ಷತ್ರದಿಂದ ಪ್ರಾರಂಭಿಸಿದ. ಮುತ್ತಜ್ಜ ಇನ್ನೂ ತೊಟ್ಟಿಲಲ್ಲಿರುವಾಗಲೇ ಬಟ್ಟಲು ಎದ್ದಿತು.

ಆಮೇಲೆ ಬೆಟ್ಟದ ಜನ ಸೇರಿ, ನಿಧಾನವಾಗಿ ಮಾತಾಡುವವರಿಂದ ಇದು ಆಗುವ ಕೆಲಸವಲ್ಲ ಎಂದು ಮದುವೆ ದಲ್ಲಾಳಿಯನ್ನು ಕಳಿಸಿದರು. ಗಂಡಿನ ಕಡೆಯವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಮದುವೆ ನಿಶ್ಚಯ ಮಾಡಿ ಮುಗಿಸುತ್ತಿದ್ದ ನಾಲಿಗೆ ಅವನದು. ಅವನು ಹೊಸ್ತಿಲಲ್ಲೇ ಪ್ರಾರಂಭಿಸಿದ. ಮುತ್ತಜ್ಜ ಅಜ್ಜ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಮುಗಿಸಿದ. ತಂದೆಯ ಮಧ್ಯಕ್ಕೆ ಬಂದಾಗ ಮುಖ ಕೆಂಪಾಯಿತು, ಕಣ್ಣು ಮೇಲಾಯಿತು. ಇವನಿಗೆ ಏನೋ ಬೇನೆ ಬಂದಿದೆಯೆಂದು ಅಧಿಕಾರಿ ಗಾಬರಿಯಾದ. ಕರುಣೆಯಿಂದಲೇ ಬಟ್ಟಲನ್ನೆತ್ತಿದ. ಹೊರಗೆ ಬಂದ ದಲ್ಲಾಳಿಯ ಕೈಯಲ್ಲಿ ಒಂದು ಔಷಧದ ಬೇರು ಇತ್ತು.

“ಲಾರಿ” ಎಂದರು ಷಡಕ್ಷರಪ್ಪ.

“ಅಮಾವಾಸ್ಯೆ ಹತ್ತಿರ ಬಂದಿದೆ” ಎಂದೆ. “ಲಾರಿ ಕಾಯಲಿ.”

ಬೆಳೆಗಾರನಿಗೆ ಹೆಂಡತಿ ಇದ್ದಳು. ಅವಳು ಆ ಬೇರನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇದನ್ನು ಅವರೇ ಕೊಟ್ಟರೇ?”

“ಅವರೇ. ಒಳಗೆ ಗೋಡೆ ಕಾಣಿಸುವುದಿಲ್ಲ ಕಣಕ್ಕ” ಎಂದ ದಲ್ಲಾಳಿ. “ಎಲ್ಲಿ ನೋಡಿದರೂ ಜಾಡಿ. ಬೇರು, ಕೊಂಬು, ಚಿಪ್ಪು. ನನ್ನ ನಾಡಿ ನೋಡುವ ಮುಂಚೆ ತಮ್ಮದೇ ನಾಡಿ ನೋಡಿಕೊಂಡರು. ತಿಂದದ್ದು ಅರಗುವುದಿಲ್ಲವಂತೆ. ರಾತ್ರಿ ಕಣ್ಣು ಮುಚ್ಚುವುದಿಲ್ಲವಂತೆ. ಚೋಪದಾರ ಹೇಳಿದ.”

“ಸಾವಿಗೆ ಹೆದರುತ್ತಾರೆ ಅನ್ನಿ.”

“ಯಾರು ಹೆದರುವುದಿಲ್ಲ?”

“ಹಾಗಲ್ಲ. ನಮ್ಮೆಲ್ಲರಿಗಿಂತ ಸ್ವಲ್ಪ ಜಾಸ್ತಿ ಹೆದರುತ್ತಾರೆ” ಎಂದಳು. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಸ್ವಲ್ಪ ಬೆಳಕು ಬಂತು.

ಹಿರಿಯ ಕೇಳಿದ: “ಈಗ ನೀನು ಹೋಗಿ ಏನು ಮಾಡುತ್ತೀಯ? ನಮ್ಮ ಕೈಯಲ್ಲಿ ಆಗದ್ದು.”

“ನೀವು ಮಾತು ಬೇಗ ಮುಗಿಸಲು ನೋಡಿದಿರಿ, ಹಿರಿಯರೇ. ನಾನು ಬಟ್ಟಲು ತಡವಾಗಿ ಏಳುವ ಹಾಗೆ ನೋಡುತ್ತೇನೆ.”

“ಅದು ಹೇಗೆ?”

“ಚಹಾ ಕುಡಿಸುತ್ತೇನೆ.”

ಹಿರಿಯ ದಲ್ಲಾಳಿಯನ್ನು ನೋಡಿದ. ದಲ್ಲಾಳಿ ಹಿರಿಯನನ್ನು ನೋಡಿದ. ದುಃಖದಿಂದ ಇವಳಿಗೆ ಬುದ್ಧಿ ಕೆಟ್ಟಿತು ಎಂದುಕೊಂಡರು ಇಬ್ಬರೂ.

ಆ ಹೊತ್ತಿಗೆ ಆ ಬೆಟ್ಟದಲ್ಲಿ ಚಿಗುರು ಬಂದಿತ್ತು. ಅವಳು ಇನ್ನೂ ಬಿಚ್ಚದ ಚಿಗುರುಗಳನ್ನಷ್ಟೇ ಕಿತ್ತಳು. ಬಾಣಲೆಯಲ್ಲಿ ಬರಿಗೈಯಿಂದ ಹುರಿದಳು. ಸೂಜಿಯಂತೆ ನೆಟ್ಟಗಿರುವ ಚಿಗುರು ಅದು. ಬಿಸಿನೀರಿಗೆ ಹಾಕಿದರೆ ಮೊದಲು ಮೇಲೆ ತೇಲುತ್ತದೆ. ಆಮೇಲೆ ನೀರು ಕುಡಿದು ಎದ್ದು ನಿಲ್ಲುತ್ತದೆ. ಆಮೇಲೆ ಒಂದೊಂದಾಗಿ ತಳಕ್ಕೆ ಇಳಿಯುತ್ತದೆ. ಕೆಲವು ಇಳಿದದ್ದು ಮತ್ತೆ ಮೇಲೇಳುವುದೂ ಉಂಟು. ಅವಸರದ ವಸ್ತುವಲ್ಲ. ಬೆಟ್ಟದವರೆಲ್ಲ ಹುಟ್ಟಿದಾಗಿನಿಂದ ಇದನ್ನು ನೋಡಿದ್ದರು. ಇದರಿಂದ ಒಬ್ಬ ಮನುಷ್ಯನನ್ನು ಸೆರೆಯಿಂದ ಬಿಡಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಅವಳು ಕಚೇರಿಯ ಬಾಗಿಲಲ್ಲಿ ನಿಂತಳು.

“ಏನಮ್ಮ, ಅಹವಾಲೇ?” ಎಂದ ಚೋಪದಾರ.

“ಅಲ್ಲಣ್ಣ, ಔಷಧ.”

“ಔಷಧವಾದರೆ ಬೇಗ ಹೋಗು. ಅಹವಾಲಾಗಿದ್ದರೆ ಬೇಗ ಬರುತ್ತಿದ್ದೆ.”

ಅವಳು ಒಳಗೆ ಹೋಗಿ ಬಾಗಿದಳು. ಅಧಿಕಾರಿಯ ಮುಂದಿದ್ದ ಬಟ್ಟಲಿನ ಚಹಾವನ್ನು ಅಪ್ಪಣೆ ಪಡೆದು ಚೆಲ್ಲಿದಳು. ತನ್ನ ಚಿಗುರುಗಳನ್ನು ಹಾಕಿ ಬಿಸಿನೀರು ಹೊಯ್ದಳು. ಚಿಗುರುಗಳೆಲ್ಲ ಮೇಲೆ ತೇಲಿದವು.

“ಪ್ರಭುಗಳೇ, ನಮ್ಮ ಬೆಟ್ಟದ ಚಹಾ. ಉಂಡದ್ದು ಅರಗುತ್ತದೆ. ಮನಸ್ಸು ತಿಳಿಯಾಗುತ್ತದೆ. ಒಳ್ಳೆಯ ನಿದ್ದೆ ಬರುತ್ತದೆ. ನಮ್ಮತ್ತೆ ಇದನ್ನೇ ಕುಡಿದು ತೊಂಬತ್ತು ದಾಟಿದರು.”

ಅತ್ತೆ ತೊಂಬತ್ತು ದಾಟಿದ್ದು ನಿಜ. ಚಹಾದ ಜೊತೆಗೆ ಅಕ್ಕಿಯ ಸಾರಾಯಿಯನ್ನೂ ಕುಡಿಯುತ್ತಿದ್ದರು. ಅದನ್ನು ಅವಳು ಹೇಳಲಿಲ್ಲ.

ತೊಂಬತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ಅಧಿಕಾರಿಯ ಕೈ ಬಟ್ಟಲಿನ ಕಡೆ ಹೊರಟಿತು.

“ಒಂದು ನಿಯಮ ಇದೆ, ಪ್ರಭು.”

“ಏನು?”

“ಕೊನೆಯ ಚಿಗುರು ತಳ ಸೇರುವ ತನಕ ಬಟ್ಟಲನ್ನು ಮುಟ್ಟಬಾರದು. ಮುಟ್ಟಿದರೆ ಗುಣವೆಲ್ಲ ಹೋಗಿಬಿಡುತ್ತದೆ.”

“ಮುಟ್ಟಿದವರು ಯಾರಾದರೂ ಇದ್ದಾರೆಯೇ?”

“ನಮ್ಮ ಮಾವ ಮುಟ್ಟಿದರು. ಐವತ್ತಕ್ಕೇ ತೀರಿಕೊಂಡರು.”

ಮಾವ ಐವತ್ತಕ್ಕೆ ತೀರಿಕೊಂಡದ್ದೂ ನಿಜ. ಜೇನು ಕೀಳಲು ಹೋಗಿ ಮರದಿಂದ ಬಿದ್ದರು. ನಿಯಮ ಮಾತ್ರ ಪೂರ್ತಿ ಸುಳ್ಳು. ಬೆಟ್ಟ ಇಳಿಯುತ್ತಾ ದಾರಿಯಲ್ಲಿ ಅವಳೇ ಕಟ್ಟಿಕೊಂಡು ಬಂದದ್ದು. ಈ ಕತೆಯಲ್ಲಿ ನನಗೆ ಬೇಕಾದವರು ಯಾರೆಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು.

ಅಧಿಕಾರಿ ಕೈಯನ್ನು ನಿಲುವಂಗಿಯ ತೋಳಿನೊಳಗೆ ಎಳೆದುಕೊಂಡ.

“ಚಿಗುರು ಇಳಿಯುವಷ್ಟು ಹೊತ್ತು ಸುಮ್ಮನಿರುವುದೇಕೆ? ಒಂದೆರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ” ಎಂದು ಅವಳು ಪ್ರಾರಂಭಿಸಿದಳು.

ಮುತ್ತಜ್ಜನನ್ನು ಹೊಗಳಿದಳು. ಏನೂ ಬಿಡಲಿಲ್ಲ. ಕೆಲವು ಚಿಗುರು ಎದ್ದು ನಿಂತವು. ಅಜ್ಜನನ್ನು ಹೊಗಳಿದಳು. ಹಳೆಯ ರೂಢಿಯಿಂದ ಅಧಿಕಾರಿಯ ಕೈ ತೋಳಿನಿಂದ ಹೊರಬಂತು. ಚೋಪದಾರ ಕೂಗಲು ಬಾಯಿ ತೆರೆದ. ಕೈ ಬಟ್ಟಲಿನ ಪಕ್ಕದಲ್ಲಿ ನಿಂತಿತು. ಅಲ್ಲಿಂದ ಅಧಿಕಾರಿಯ ಮೂಗಿಗೆ ಹೋಯಿತು, ಮೂಗು ತುರಿಸಿ ಹಿಂದಕ್ಕೆ ಹೋಯಿತು. ಚೋಪದಾರ ಬಾಯಿ ಮುಚ್ಚಿದ. ಅಷ್ಟು ವರ್ಷದಲ್ಲಿ ತೆರೆದ ಬಾಯಿಯನ್ನು ಕೂಗದೆ ಮುಚ್ಚಿದ್ದು ಅವನಿಗೆ ಅದೇ ಮೊದಲು.

ಅವಳು ತಂದೆಯನ್ನೂ ದಾಟಿದಳು. ಮಗನಾದ ಅಧಿಕಾರಿಯನ್ನೂ ದಾಟಿದಳು. ಆ ಕೋಣೆಯಲ್ಲಿ ಯಾರೂ ಕಾಲಿಡದ ಜಾಗಕ್ಕೆ ಬಂದಳು.

ಅಲ್ಲಿ ಅವಳು ಅಳಲಿಲ್ಲ. ಬೆಟ್ಟ ಯಾವ ಕಡೆ ಮುಖ ಮಾಡಿದೆ ಎಂದು ಹೇಳಿದಳು. ಹಿಮ ಯಾವಾಗ ಕರಗುತ್ತದೆ ಎಂದು ಹೇಳಿದಳು. ಗಿಡಕ್ಕೆ ಅಪ್ಪಣೆ ಗೊತ್ತಾಗುವುದಿಲ್ಲ ಎಂದು ಹೇಳಿದಳು. ನಾಳೆ ಕಲ್ಲು ಹೊರಲು ಹೊರಟವನು ತನ್ನ ಗಂಡ ಎಂದು ಹೇಳಿದಳು. ಅಷ್ಟಕ್ಕೆ ಮಾತು ಮುಗಿಯಿತು.

ಮಾತು ಮುಗಿದಾಗ ಎಲ್ಲ ಚಿಗುರುಗಳೂ ತಳ ಸೇರಿದ್ದವು. ಒಂದು ಸೇರಿರಲಿಲ್ಲ. ಅದು ನೀರಿನ ಮಧ್ಯದಲ್ಲಿ ನೆಟ್ಟಗೆ ನಿಂತಿತ್ತು.

ಇದನ್ನು ಅವಳು ಲೆಕ್ಕ ಹಾಕಿರಲಿಲ್ಲ. ಹೇಳುವುದೆಲ್ಲ ಮುಗಿದಿತ್ತು. ಅಧಿಕಾರಿ ಏನೂ ಹೇಳಿರಲಿಲ್ಲ. ಈಗ ಅದು ಇಳಿದರೆ ಬಟ್ಟಲು ಏಳುತ್ತದೆ. ಚೋಪದಾರ ಕೂಗುತ್ತಾನೆ. ಹೇಳಿದ್ದಕ್ಕೆ ಉತ್ತರ ಸಿಗದೆ ಅವಳು ಹಿಮ್ಮೆಟ್ಟಬೇಕು. ಅಷ್ಟು ಹೊತ್ತು ಚಿಗುರುಗಳು ನಿಧಾನವಾಗಿ ಇಳಿಯಲಿ ಎಂದು ಬೇಡುತ್ತಿದ್ದವಳು ಈಗ ಇದೊಂದು ಇಳಿಯದೇ ಇರಲಿ ಎಂದು ಬೇಡಿದಳು.

ಅಧಿಕಾರಿ ಚಿಗುರನ್ನು ನೋಡುತ್ತಾ ಕೂತ. ಬೇರೆ ಕೆಲಸವಿರಲಿಲ್ಲ. ಬಟ್ಟಲು ಎತ್ತುವಂತಿಲ್ಲ, ಅವಳನ್ನು ಕಳಿಸಲು ಬೇರೆ ದಾರಿಯಿಲ್ಲ. ಕಿವಿಗೆ ಬಿದ್ದ ಮಾತು ಎಲ್ಲಿಗೂ ಹೋಗಲಾರದೆ ಅವನೊಳಗೆ ಕದಲತೊಡಗಿತು.

ಬಹಳ ಹೊತ್ತಾದ ಮೇಲೆ ಕೇಳಿದ: “ಈ ಚಿಗುರು ಕಿತ್ತದ್ದು ಯಾವಾಗ?”

“ನಿನ್ನೆ, ಪ್ರಭು.”

“ನಿನ್ನೆಯೇ? ಕೆಳಗಿನ ಬೆಟ್ಟಗಳಲ್ಲಿ ಈಗ ಎಲೆ ಬಲಿತು ದಪ್ಪವಾಗಿದೆ. ಇದು ಇನ್ನೂ ಕಣ್ಣೇ ಬಿಟ್ಟಿಲ್ಲ.”

“ನಮ್ಮಲ್ಲಿ ವಸಂತ ಬಂದದ್ದೇ ಈಗ.”

“ಹಬ್ಬದ ದಿನ ನಿನ್ನ ಗಂಡ ಏನು ಮಾಡುತ್ತಿದ್ದ?”

“ಗಿಡದ ಬುಡದಿಂದ ಹಿಮ ಸರಿಸುತ್ತಿದ್ದ. ಅಲ್ಲಿಗೇ ತಮ್ಮ ಜನ ಬಂದು ಹಿಡಿದರು. ಕೈಯಲ್ಲಿ ಸಲಿಕೆ ಇತ್ತು.”

ಅಧಿಕಾರಿ ಮತ್ತೆ ಬಟ್ಟಲನ್ನು ನೋಡಿದ. ಆ ಎಳೆಯ ಚಿಗುರು ಅವನ ಮೂಗಿನ ಕೆಳಗೇ ನಿಂತಿತ್ತು. ಅವಳು ಹೇಳಿದ್ದು ನಿಜವೋ ಸುಳ್ಳೋ ಎಂದು ಬೆಟ್ಟಕ್ಕೆ ಆಳು ಕಳಿಸಬೇಕಾಗಿರಲಿಲ್ಲ.

“ಇದನ್ನು ಯಾರೂ ನನಗೆ ಏಕೆ ಹೇಳಲಿಲ್ಲ?”

ಬಾಗಿಲಲ್ಲಿದ್ದ ಚೋಪದಾರ ಸೂರು ನೋಡಿದ.

“ಹೇಳಲು ಬಂದಿದ್ದರು, ಪ್ರಭು” ಎಂದಳು ಅವಳು. “ಮುತ್ತಜ್ಜನವರನ್ನು ದಾಟಿ ಬರಲಾಗಲಿಲ್ಲ.”

ವಂಶವನ್ನು ಹಾಸ್ಯ ಮಾಡಿದವರ ನಾಲಿಗೆಯನ್ನು ಏನು ಮಾಡಬೇಕೆಂದು ಆ ಸೀಮೆಯಲ್ಲಿ ಸ್ಪಷ್ಟವಾದ ಕಾನೂನಿತ್ತು. ಅಧಿಕಾರಿಯ ಮುಖ ಮೊದಲು ಕೆಂಪಾಯಿತು. ಆಮೇಲೆ ಮೀಸೆ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ಅವನು ನಕ್ಕ. ಅರಗದ ಊಟವನ್ನೆಲ್ಲ ಕಲಕುವ ಹಾಗೆ ನಕ್ಕ.

ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಚೋಪದಾರನನ್ನು ಕರೆದ. “ಸೆರೆಮನೆಗೆ ಹೋಗು. ಇವಳ ಗಂಡನನ್ನು ಬಿಡಿಸಿ ಕರೆದುಕೊಂಡು ಬಾ. ಸಲಿಕೆಯನ್ನೂ ಕೊಡಿಸು.”

ಕೊನೆಯ ಚಿಗುರು ಯಾವಾಗ ತಳ ಸೇರಿತೋ ಯಾರೂ ನೋಡಲಿಲ್ಲ.

ಅಧಿಕಾರಿ ಬಟ್ಟಲು ಮುಟ್ಟಿ ನೋಡಿ “ಆರಿಹೋಗಿದೆಯಲ್ಲ” ಎಂದ. “ಆರಿದ ಮೇಲೂ ಗುಣ ಇರುತ್ತದೆಯೇ?”

“ಈಗಲೇ ಜಾಸ್ತಿ, ಪ್ರಭು.”

ಅವನು ಬಟ್ಟಲನ್ನೆತ್ತಿ ಕುಡಿದ. ಹೊರಡಲು ಒಂದು ಕಾಲು ಹೊರಗಿಟ್ಟಿದ್ದ ಚೋಪದಾರ, ಬಟ್ಟಲು ಎದ್ದದ್ದು ಕಂಡು, ಮೈಮರೆತು ‘ಅತಿಥಿಗಳು ಹೊರಟರು’ ಎಂದು ಕೂಗಿಬಿಟ್ಟ. ಅವಳು ಬಾಗಿ ನಮಸ್ಕರಿಸಿ ಹಿಮ್ಮೆಟ್ಟಿದಳು. ಆ ಕೂಗು ಕೇಳಿ ನಗುತ್ತಾ ಹೊರಟವರು ಆ ಕಚೇರಿಯಲ್ಲಿ ಅವಳೊಬ್ಬಳೇ.

ಗಂಡ ಹೆಂಡತಿ ಬೆಟ್ಟ ಹತ್ತುವಾಗ ಗಂಡ ಕೇಳಿದ: “ಅವರಿಗೆ ಏನು ಹೇಳಿದೆ?”

“ನಿಮ್ಮಪ್ಪ ಚಹಾದ ಬಟ್ಟಲು ಮುಟ್ಟಿ ಸತ್ತರು ಅಂದೆ.”

“ಅಪ್ಪ ಬಿದ್ದದ್ದು ಮರದಿಂದಲ್ಲವೇ?”

“ಇವತ್ತಿನಿಂದ ಬಟ್ಟಲು ಮುಟ್ಟಿ ಸತ್ತದ್ದು. ಯಾರಾದರೂ ಕೇಳಿದರೆ ಹಾಗೇ ಹೇಳಿ.”

ಗಂಡ ಸಲಿಕೆಯನ್ನು ಹೆಗಲು ಬದಲಿಸಿ “ಅಪ್ಪ ಒಪ್ಪುತ್ತಿದ್ದ ಬಿಡು” ಎಂದ.

ಆ ರಾತ್ರಿ ಅಧಿಕಾರಿಗೆ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಹಸಿವಾಯಿತು. ಇದು ಚಹಾದ ಗುಣವೇ ಎಂದು ಅವನು ನಿಶ್ಚಯಿಸಿದ. ಜಾಡಿಗಳನ್ನೆಲ್ಲ ತೆಗೆಸಿದ. ಅಂದಿನಿಂದ ಯಾರೇ ಅಹವಾಲು ತಂದರೂ ಅವನ ಮುಂದೆ ಅದೇ ಬೆಟ್ಟದ ಚಹಾ ಇಡಬೇಕು, ಹೊಸದಾಗಿ ನೀರು ಹೊಯ್ಯಬೇಕು ಎಂದು ಅಪ್ಪಣೆಯಾಯಿತು. ಕೊನೆಯ ಚಿಗುರು ತಳ ಸೇರುವ ತನಕ ಅವನು ಬಟ್ಟಲು ಮುಟ್ಟುತ್ತಿರಲಿಲ್ಲ. ಐವತ್ತಕ್ಕೆ ಸಾಯುವುದು ಯಾರಿಗೆ ಬೇಕು?

ಜನಕ್ಕೆ ಇದು ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಮುತ್ತಜ್ಜನನ್ನು ಹೊಗಳಿ ಮುಗಿಸಿದ ಮೇಲೂ ಕೋಣೆಯಲ್ಲಿ ನಿಂತಿರಬಹುದು ಎಂದು ತಿಳಿದಾಗ ಬೆಟ್ಟಬೆಟ್ಟಗಳಿಂದ ಜನ ಬಂದರು. ಬಾವಿಗೆ ಬೇಲಿ ಹಾಕಿದವನ ಮೇಲೆ ದೂರು ಹೇಳಿದರು. ಸೇತುವೆ ಕೊಚ್ಚಿಹೋದದ್ದನ್ನು ಹೇಳಿದರು. ಅಧಿಕಾರಿ ಚಿಗುರು ನೋಡುತ್ತಾ ಕೇಳಿದ. ಕೇಳಿದ ಮೇಲೆ ಮಾಡದೆ ಇರುವಷ್ಟು ಕೆಟ್ಟವನಲ್ಲ ಅವನು. ಬೇಲಿ ಬಿತ್ತು. ಸೇತುವೆ ಎದ್ದಿತು. ರಾಜಧಾನಿಯವರಿಗೆ ಮಾತ್ರ ಗಾಬರಿಯಾಯಿತು. ಏನೂ ತೊಂದರೆಯಿಲ್ಲದ ಸೀಮೆಯಲ್ಲಿ ಇದ್ದಕ್ಕಿದ್ದ ಹಾಗೆ ಇಷ್ಟು ತೊಂದರೆ ಎಲ್ಲಿಂದ ಬಂತು ಎಂದು ಅವರು ಯೋಚಿಸಿದರು.

ಮುಂದಿನ ವರ್ಷ ಆ ಬೆಟ್ಟಕ್ಕೆ ಬೇರೆ ದಿನ ನಿಗದಿಯಾಯಿತು. ಎಲ್ಲ ಬೆಟ್ಟಗಳ ಬುಟ್ಟಿ ಬಂದು ಹೋಗಿ, ಅಂಗಳ ಗುಡಿಸಿ, ಎಲ್ಲರೂ ಚಹಾದ ಮಾತು ಮರೆತ ಮೇಲೆ, ಬೆನ್ನು ಹಾಕಿದ ಬೆಟ್ಟದವರು ಇಳಿದು ಬಂದರು. ಮುಂದೆ ಡೋಲು. ಹಿಂದೆ ಬುಟ್ಟಿಗಳು. ಮೊದಲ ಬುಟ್ಟಿ ಬೆಳೆಗಾರನ ತಲೆಯ ಮೇಲೆ. ಅವನ ಪಕ್ಕದಲ್ಲಿ ಹೆಂಡತಿ, ಅವಳ ಹಿಂದೆ ಹಿರಿಯ, ಹಿರಿಯನ ಹಿಂದೆ ಎಂದಿನಷ್ಟೇ ವೇಗವಾಗಿ ಮಾತಾಡಿಕೊಂಡು ದಲ್ಲಾಳಿ. ಅವರು ಪೇಟೆಯ ನಡುಬೀದಿಯಲ್ಲೇ ನಡೆದರು. ಅಂಗಡಿಯವರು ಎದ್ದು ನಿಂತು ದಾರಿ ಬಿಟ್ಟರು.

ಅಧಿಕಾರಿ ಕುರ್ಚಿಯಿಂದೆದ್ದು ಬಾಗಿಲ ತನಕ ಬಂದ. ಅವನು ಹಾಗೆ ಎದ್ದು ಬಂದಾಗ ಏನು ಕೂಗಬೇಕೆಂದು ಚೋಪದಾರನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಕೋಲನ್ನು ನೆಲಕ್ಕೆ ಕುಟ್ಟಿ, ಎದೆ ತುಂಬ ಉಸಿರೆಳೆದುಕೊಂಡು, ತಾನೇ ಯೋಚಿಸಿ ಕೂಗಿದ:

“ಅತಿಥಿಗಳು ಬಂದರು.”

ಕ್ಯಾಂಟೀನಿನಲ್ಲಿ ನನ್ನ ಟೀ ಮುಗಿದಿತ್ತು. ಷಡಕ್ಷರಪ್ಪನವರು ಯಾವಾಗಲೋ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಬೆನ್ನು ಒರಗಿಸಿ ಕೂತಿದ್ದರು. ಆದರೂ ವ್ಯಾಪಾರಸ್ಥರು. ತಾವು ಕೇಳಿದ ಮಾಲನ್ನು ಬಿಡುವವರಲ್ಲ.

“ಕತೆ ಚೆನ್ನಾಗಿದೆ, ಗುರುಗಳೇ” ಎಂದರು. “ಆದರೆ ನಾನು ಕೇಳಿದ್ದು ಪ್ರಯೋಜನ. ಆ ಟೀ ಕುಡಿದು ಅಧಿಕಾರಿ ಎಷ್ಟು ವರ್ಷ ಬದುಕಿದ? ಅವನ ಆಯುಸ್ಸು ಹೆಚ್ಚಿತೋ ಇಲ್ಲವೋ, ಅದನ್ನು ಹೇಳಿ.”

“ಕುಡಿದದ್ದರಿಂದ ಅವನ ಆಯುಸ್ಸು ಹೆಚ್ಚಿತೋ ಇಲ್ಲವೋ ನನಗೆ ಗೊತ್ತಿಲ್ಲ, ಕುಡಿಯದೆ ಕೂತಷ್ಟು ಹೊತ್ತಿನಲ್ಲಿ ಇನ್ನೊಬ್ಬನ ಆಯುಸ್ಸು ಉಳಿಯಿತು.”

ಷಡಕ್ಷರಪ್ಪನವರು ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತರು. ಕೊಬ್ಬರಿ ಮಂಡಿಯವರೊಬ್ಬರು ಅಷ್ಟು ಹೊತ್ತು ಬಾಯಿಬಿಡದೆ ಕೂತದ್ದನ್ನು ಆ ಕ್ಯಾಂಟೀನು ಹಿಂದೆ ನೋಡಿರಲಿಲ್ಲ, ಮುಂದೆ ನೋಡುವ ಭರವಸೆಯೂ ನನಗಿರಲಿಲ್ಲ. ಆದ್ದರಿಂದ ಆ ಮೌನ ಮುರಿಯುವ ಮೊದಲೇ ಎದ್ದು ಹೆಗಲಿಗೆ ಟವಲು ಹಾಕಿಕೊಂಡು ಹೇಳಿದೆ:

“ನನ್ನ ಟೀದು ನೀವೇ ಕೊಟ್ಟುಬಿಡಿ.”